ಇದ್ದದ್ದನ್ನು ಇದ್ದಂತೆ ಬರೆದ ಮೇಜರ್ ಜನರಲ್

ಮಾನ್ಯ ಸಂಪಾದಕರೇ,

ಸೇನೆಯಿಂದ ನಿವೃತ್ತರಾದ ಅಧಿಕಾರಿಗಳು ರಾಜಕೀಯಕ್ಕೆ ಬರುವುದು ಸರಿಯೋ ತಪ್ಪೋ ಎಂಬ ಚರ್ಚೆ ಚುನಾವಣೆ ಹತ್ತಿರ ಬಂದಾಗಲೆಲ್ಲ ತಮ್ಮ ಪತ್ರಿಕೆಯ ಈ ಅಂಕಣದಲ್ಲಿ ನಡೆಯುತ್ತದೆ. ಶಿಸ್ತಿನವರು, ಕೈ ಶುದ್ಧವಿರುವವರು ಬರಲಿ ಎಂದು ಕೆಲವರು ಬರೆಯುತ್ತಾರೆ. ಸಮವಸ್ತ್ರದ ಮೇಲೆ ಜನರಿಗಿರುವ ಗೌರವವನ್ನು ಮತಗಳಾಗಿ ಬದಲಾಯಿಸಿಕೊಳ್ಳಬಾರದು ಎಂದು ಇನ್ನು ಕೆಲವರು ಬರೆಯುತ್ತಾರೆ. ಎರಡೂ ಮಾತುಗಳಲ್ಲಿ ಹುರುಳಿದೆ. ಆದರೆ ಹಾಗೆ ಬಂದವರು ಸಂಸತ್ತಿನ ಒಳಗೆ ಕುಳಿತು ಮಾಡಬೇಕಾದ ಕೆಲಸ ಯಾವುದು, ಅದನ್ನು ಮಾಡಿದವರಿಗೆ ಏನಾಯಿತು ಎಂಬುದನ್ನು ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ 26 ವರ್ಷ ಸೇವೆ ಸಲ್ಲಿಸಿ ಸುಬೇದಾರನಾಗಿ ನಿವೃತ್ತನಾಗಿರುವ ನಾನು ಮೇಜರ್ ಜನರಲ್ ಭುವನ್ ಚಂದ್ರ ಖಂಡೂರಿಯವರ ಬಗ್ಗೆ ಮತ್ತು 2018ರ ಒಂದು ವರದಿಯ ಬಗ್ಗೆ ನಾಲ್ಕು ಮಾತು ಬರೆಯಲು ಅನುಮತಿ ಕೋರುತ್ತೇನೆ.

ಖಂಡೂರಿಯವರು ಡೆಹ್ರಾಡೂನಿನಲ್ಲಿ ಹುಟ್ಟಿದವರು. 1954ರಿಂದ 1990ರವರೆಗೆ ಸೇನೆಯ ಎಂಜಿನಿಯರ್ ವಿಭಾಗದಲ್ಲಿದ್ದರು, ಅಂದರೆ ನಮ್ಮ ಕಸುಬಿನವರೇ. 1991ರಲ್ಲಿ ಗಢವಾಲ ಕ್ಷೇತ್ರದಿಂದ ಭಾರತೀಯ ಜನತಾ ಪಕ್ಷದ ಪರವಾಗಿ ಲೋಕಸಭೆಗೆ ಆಯ್ಕೆಯಾದರು. ಕರ್ನಾಟಕದ ಓದುಗರಿಗೆ ಅವರ ಹೆಸರು ಅಷ್ಟಾಗಿ ಪರಿಚಯವಿಲ್ಲದಿರಬಹುದು, ಆದರೆ ಅವರ ಕೆಲಸ ಪರಿಚಿತವೇ. ವಾಜಪೇಯಿಯವರ ಸರ್ಕಾರದಲ್ಲಿ 2000ದಿಂದ 2004ರವರೆಗೆ ಹೆದ್ದಾರಿ ಖಾತೆ ಅವರ ಕೈಯಲ್ಲಿತ್ತು. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಗಳನ್ನು ಜೋಡಿಸುವ 5,846 ಕಿಲೋಮೀಟರ್ ಉದ್ದದ ಸುವರ್ಣ ಚತುಷ್ಪಥದ ಕಾಮಗಾರಿ ಭರದಿಂದ ನಡೆದದ್ದು ಆ ಅವಧಿಯಲ್ಲಿ. ತುಮಕೂರಿನಿಂದ ಚಿತ್ರದುರ್ಗ, ದಾವಣಗೆರೆ, ಹಾವೇರಿ ದಾಟಿ ಬೆಳಗಾವಿಯ ಕಡೆಗೆ ಹೋಗುವವರು ಇಂದಿಗೂ ಅದೇ ರಸ್ತೆಯಲ್ಲಿ ಹೋಗುತ್ತಾರೆ.

ಅವರನ್ನು ದೇವರಾಗಿಸುವುದು ನನ್ನ ಉದ್ದೇಶವಲ್ಲ. ಅದೇ ರಸ್ತೆ ಯೋಜನೆಯ ಬಿಹಾರದ ಭಾಗದಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದು, ತನ್ನ ಹೆಸರನ್ನು ಗುಟ್ಟಾಗಿಡಿ ಎಂದು ಬೇಡಿಕೊಂಡಿದ್ದ ಯುವ ಎಂಜಿನಿಯರ್ ಸತ್ಯೇಂದ್ರ ದುಬೆ 2003ರ ನವೆಂಬರ್ 27ರಂದು ಗಯಾದಲ್ಲಿ ಗುಂಡೇಟಿಗೆ ಬಲಿಯಾದರು. ದರೋಡೆಗೆ ಬಂದವರು ಕೊಂದರು ಎಂದು ತನಿಖೆ ಹೇಳಿತು, ಮೂವರಿಗೆ ಶಿಕ್ಷೆಯೂ ಆಯಿತು. ಆದರೆ ಗುಟ್ಟಾಗಿರಬೇಕಿದ್ದ ಹೆಸರು ಕಡತದೊಂದಿಗೆ ಕಚೇರಿಯಿಂದ ಕಚೇರಿಗೆ ಹೋದದ್ದಕ್ಕೆ ಸಮಾಧಾನ ಹೇಳಬಲ್ಲವರು ಯಾರೂ ಇರಲಿಲ್ಲ. ಖಂಡೂರಿಯವರು ಆಗ ಆ ಖಾತೆಯ ಸಚಿವರು. ಮುಖ್ಯಮಂತ್ರಿಯಾಗಿಯೂ ಅವರ ಹಾದಿ ಸುಗಮವಾಗಿರಲಿಲ್ಲ. 2007ರಲ್ಲಿ ಉತ್ತರಾಖಂಡದ ಅಧಿಕಾರ ವಹಿಸಿಕೊಂಡರು. ಶಾಸಕರ ಮಾತಿಗೆ ಸೊಪ್ಪು ಹಾಕುವುದಿಲ್ಲ ಎಂಬ ದೂರು ಅವರ ಪಕ್ಷದೊಳಗೇ ಇತ್ತು. 2009ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಐದಕ್ಕೆ ಐದೂ ಸ್ಥಾನಗಳು ಕೈತಪ್ಪಿದಾಗ ಕುರ್ಚಿ ಬಿಟ್ಟರು. ಭ್ರಷ್ಟಾಚಾರದ ಆರೋಪಗಳಿಂದ ಸರ್ಕಾರದ ಹೆಸರು ಕೆಟ್ಟಾಗ, 2011ರ ಸೆಪ್ಟೆಂಬರಿನಲ್ಲಿ, ಅದೇ ಪಕ್ಷ ಅವರನ್ನೇ ಮತ್ತೆ ಕರೆತಂದಿತು. ನಮ್ಮಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಗಣಿ ವರದಿಯಿಂದ ಸರ್ಕಾರವೇ ಅಲುಗಾಡಿದ ವರ್ಷವದು. ಆ ವರ್ಷದ ನವೆಂಬರಿನಲ್ಲಿ ಖಂಡೂರಿಯವರು ಮುಖ್ಯಮಂತ್ರಿಯೂ ತನಿಖೆಯ ವ್ಯಾಪ್ತಿಗೆ ಬರುವಂತಹ ಲೋಕಾಯುಕ್ತ ಮಸೂದೆಯನ್ನು ತಮ್ಮ ವಿಧಾನಸಭೆಯಲ್ಲಿ ಅಂಗೀಕರಿಸಿದರು. ಮರುವರ್ಷದ ಚುನಾವಣೆಯಲ್ಲಿ ಅವರ ಪಕ್ಷಕ್ಕೆ 31, ಕಾಂಗ್ರೆಸ್ಸಿಗೆ 32 ಸ್ಥಾನಗಳು ಬಂದವು, ಕೋಟದ್ವಾರದಲ್ಲಿ ಸ್ವತಃ ಮುಖ್ಯಮಂತ್ರಿಯೇ ಸೋತರು. ಆ ಲೋಕಾಯುಕ್ತ ಕಾಯ್ದೆಯೂ ಅವರು ಬರೆದ ರೂಪದಲ್ಲಿ ಜಾರಿಗೆ ಬರಲಿಲ್ಲ.

ಇಷ್ಟು ಹಿನ್ನೆಲೆ ಸಾಕು. ನಾನು ಹೇಳಬೇಕಾದದ್ದು ಆಮೇಲಿನ ಸಂಗತಿ.

2014ರಲ್ಲಿ ಮತ್ತೆ ಲೋಕಸಭೆಗೆ ಬಂದ ಅವರು ರಕ್ಷಣಾ ಇಲಾಖೆಯ ಸಂಸದೀಯ ಸ್ಥಾಯಿ ಸಮಿತಿಯ ಅಧ್ಯಕ್ಷರಾದರು. ಈ ಸಮಿತಿಗಳು ಏನು ಮಾಡುತ್ತವೆ ಎಂಬುದು ಅನೇಕರಿಗೆ ತಿಳಿಯದ ಕಾರಣ ಒಂದೆರಡು ಮಾತು ಅಗತ್ಯ. ಇಲಾಖಾವಾರು ಸ್ಥಾಯಿ ಸಮಿತಿಗಳ ವ್ಯವಸ್ಥೆ ಆರಂಭವಾದದ್ದು 1993ರಲ್ಲಿ. ಈಗ ಅಂತಹ 24 ಸಮಿತಿಗಳಿವೆ. ಪ್ರತಿಯೊಂದರಲ್ಲಿ ಲೋಕಸಭೆಯ 21 ಹಾಗೂ ರಾಜ್ಯಸಭೆಯ 10 ಮಂದಿ, ಎಲ್ಲ ಪಕ್ಷಗಳಿಗೆ ಸೇರಿದವರು, ಇರುತ್ತಾರೆ. ಸಚಿವರಾದವರಿಗೆ ಇಲ್ಲಿ ಸದಸ್ಯತ್ವವಿಲ್ಲ. ಬಜೆಟ್ ಮಂಡನೆಯಾದ ಮೇಲೆ ಪ್ರತಿ ಇಲಾಖೆಯ ಅನುದಾನದ ಬೇಡಿಕೆ ಇಲ್ಲಿಗೆ ಬರುತ್ತದೆ. ಮುಚ್ಚಿದ ಬಾಗಿಲಿನ ಹಿಂದೆ ಅಧಿಕಾರಿಗಳನ್ನು ಕರೆಸಿ, ಕೇಳಿದ್ದೆಷ್ಟು, ಕೊಟ್ಟದ್ದೆಷ್ಟು, ಕೊಟ್ಟದ್ದರಲ್ಲಿ ಆದದ್ದೇನು ಎಂದು ವಿಚಾರಿಸುತ್ತಾರೆ. ಟಿ.ವಿ. ಕ್ಯಾಮೆರಾ ಇಲ್ಲದ ಕಾರಣ ಅಲ್ಲಿ ಗದ್ದಲವೂ ಇರುವುದಿಲ್ಲ. ಸಂಸತ್ತಿನಲ್ಲಿ ಸರ್ಕಾರದ ಲೆಕ್ಕವನ್ನು ನಿಧಾನವಾಗಿ ಕುಳಿತು ಓದುವ ಜಾಗ ಏನಾದರೂ ಉಳಿದಿದ್ದರೆ ಅದು ಇದೇ.

2018ರ ಮಾರ್ಚ್ 13ರಂದು ಖಂಡೂರಿಯವರ ಸಮಿತಿ ಸಂಸತ್ತಿಗೆ ವರದಿ ಒಪ್ಪಿಸಿತು. ಸೇನೆಯ ಅಂದಿನ ಉಪಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಶರತ್ ಚಂದ್ ಅವರು ಸಮಿತಿಯ ಮುಂದೆ ಹೇಳಿದ್ದು ಅದರಲ್ಲಿ ದಾಖಲಾಗಿದೆ. ಯಾವುದೇ ಸೇನೆಯ ಬಳಿ ಮೂರನೆಯ ಒಂದು ಪಾಲು ಹಳೆಯ, ಮೂರನೆಯ ಒಂದು ಪಾಲು ಚಾಲ್ತಿಯ, ಇನ್ನೊಂದು ಪಾಲು ಅತ್ಯಾಧುನಿಕ ಸಲಕರಣೆ ಇರಬೇಕೆಂಬುದು ಲೆಕ್ಕ. ನಮ್ಮ ಭೂಸೇನೆಯಲ್ಲಿದ್ದದ್ದು ಶೇ 68ರಷ್ಟು ಓಬೀರಾಯನ ಕಾಲದ್ದು, ಶೇ 24ರಷ್ಟು ಚಾಲ್ತಿಯದ್ದು, ಅತ್ಯಾಧುನಿಕ ಎನ್ನಬಹುದಾದದ್ದು ಶೇ 8 ಮಾತ್ರ. ಆಧುನೀಕರಣಕ್ಕೆಂದು ಆ ವರ್ಷ ಸಿಕ್ಕಿದ್ದು 21,338 ಕೋಟಿ ರೂಪಾಯಿ. ಆದರೆ ಆಗಲೇ ಒಪ್ಪಂದವಾಗಿ ನಡೆಯುತ್ತಿದ್ದ 125 ಯೋಜನೆಗಳು ಮತ್ತು ತುರ್ತು ಖರೀದಿಗಳಿಗೆ ಕೊಡಲೇಬೇಕಿದ್ದ ಬಾಕಿ 29,033 ಕೋಟಿ. ಅಂದರೆ ಹೊಸದೊಂದು ಬಂದೂಕನ್ನು ಕೊಳ್ಳುವ ಮಾತು ಹಾಗಿರಲಿ, ಹಳೆಯ ಬಾಕಿ ತೀರಿಸುವುದಕ್ಕೇ ಹಣ ಸಾಲದಾಗಿತ್ತು. ಬಜೆಟ್ ನಮ್ಮ ಆಸೆಗಳಿಗೆ ತಣ್ಣೀರೆರಚಿದೆ ಎಂಬ ಅರ್ಥದ ಮಾತನ್ನು ಉಪಮುಖ್ಯಸ್ಥರು ಆಡಿದರು. ಮೇಕ್ ಇನ್ ಇಂಡಿಯಾ ಹೆಸರಿನಲ್ಲಿ ಸೇನೆ ಗುರುತಿಸಿದ್ದ 25 ಯೋಜನೆಗಳಿಗೂ ಸಾಕಷ್ಟು ಹಣವಿಲ್ಲ, ಹಲವು ಅರ್ಧಕ್ಕೇ ನಿಲ್ಲಬಹುದು ಎಂದೂ ಹೇಳಿದರು. ಅದಕ್ಕೂ ಮುಂಚೆ, 2017ರ ಜುಲೈಯಲ್ಲಿ, ಮಹಾಲೇಖಪಾಲರ ವರದಿ ಮದ್ದುಗುಂಡುಗಳ ಕಥೆ ಹೇಳಿತ್ತು: 152 ಬಗೆಯ ಮದ್ದುಗುಂಡುಗಳಲ್ಲಿ 61 ಬಗೆಯವು ಹತ್ತು ದಿನದ ಯುದ್ಧಕ್ಕೂ ಸಾಲುವಂತಿರಲಿಲ್ಲ.

ಖಂಡೂರಿಯವರು ಈ ಮಾತುಗಳನ್ನು ಸೋಸಿ, ಸಿಹಿ ಬೆರೆಸಿ ಬರೆಯಬಹುದಿತ್ತು. ಕೇಂದ್ರದಲ್ಲಿದ್ದದ್ದು ಅವರದೇ ಪಕ್ಷದ ಸರ್ಕಾರ, ಲೋಕಸಭಾ ಚುನಾವಣೆಗೆ ಒಂದು ವರ್ಷವಷ್ಟೇ ಉಳಿದಿತ್ತು. ಅವರು ಹಾಗೆ ಮಾಡಲಿಲ್ಲ. ಅಂಕಿಗಳು ಬಂದಂತೆಯೇ ಅಚ್ಚಾದವು, ಅವುಗಳ ಕೆಳಗೆ ಸಮಿತಿಯ ಅಸಮಾಧಾನವೂ ಅಚ್ಚಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಸಮಿತಿಗಳು ಮರುರಚನೆಯಾದಾಗ ಅಧ್ಯಕ್ಷರ ಕುರ್ಚಿಯಲ್ಲಿ ಅವರಿರಲಿಲ್ಲ, ಕಲ್‌ರಾಜ್ ಮಿಶ್ರಾ ಇದ್ದರು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಗ್ಗುಲೂ ಇದೆ. ಈ ಸಮಿತಿಗಳ ಅವಧಿ ಒಂದೇ ವರ್ಷ, ಪ್ರತಿ ವರ್ಷ ಮರುರಚಿಸುವುದು ನಿಯಮ. ಖಂಡೂರಿಯವರು ಆಗ 84ರ ಹೊಸ್ತಿಲಲ್ಲಿದ್ದರು, ಆರೋಗ್ಯವೂ ಮೊದಲಿನಂತಿರಲಿಲ್ಲ. ವಯಸ್ಸೇ ಕಾರಣ ಎನ್ನುವವರಿದ್ದರೆ, ಅವರ ಜಾಗಕ್ಕೆ ಬಂದವರಿಗೂ 77 ದಾಟಿತ್ತು, ಅವರು ಹಿಂದಿನ ವರ್ಷವಷ್ಟೇ ಕೇಂದ್ರ ಸಂಪುಟ ಬಿಟ್ಟಿದ್ದರು ಎಂಬುದನ್ನೂ ನೆನೆಯಬೇಕಾಗುತ್ತದೆ. ಪ್ರಶ್ನೆ ಕೇಳಿದ್ದಕ್ಕಾಗಿಯೇ ತಂದೆಯವರನ್ನು ತೆಗೆದರು ಎಂದು ಅವರ ಮಗ 2019ರಲ್ಲಿ ಕಾಂಗ್ರೆಸ್ ಸೇರಿ ಚುನಾವಣೆಗೆ ನಿಂತಾಗ ಹೇಳಿದರು. ಐದು ವರ್ಷಗಳ ನಂತರ ಅದೇ ಮಗ ಬಿಜೆಪಿ ಸೇರಿದರು. ಮಗಳು ಬಿಜೆಪಿಯಿಂದಲೇ ಗೆದ್ದು ಉತ್ತರಾಖಂಡ ವಿಧಾನಸಭೆಯ ಅಧ್ಯಕ್ಷೆಯಾದರು. ಆದ್ದರಿಂದ ಆ ಮನೆಯ ರಾಜಕೀಯವನ್ನು ಮುಂದಿಟ್ಟುಕೊಂಡು ನಾನು ವಾದ ಮಾಡುವುದಿಲ್ಲ. ನನಗೆ ಬೇಕಾದದ್ದು ಇಷ್ಟೇ: ಕಟುವಾದ ವರದಿ ಬರೆದ ಆರು ತಿಂಗಳಿಗೆ ಅಧ್ಯಕ್ಷರು ಬದಲಾದರೆ, ಆ ಕುರ್ಚಿಯಲ್ಲಿ ಮುಂದೆ ಕೂರುವವರು ಅದರಿಂದ ಏನು ಅರ್ಥ ಮಾಡಿಕೊಳ್ಳುತ್ತಾರೆ? ಕಾರಣ ಏನೇ ಇದ್ದರೂ, ಸಾಕ್ಷ್ಯ ಹೇಳಲು ಬರುವ ಅಧಿಕಾರಿಗಳಿಗೆ ಮತ್ತು ಬರೆದುಕೊಳ್ಳುವ ಸಂಸದರಿಗೆ ಮುಟ್ಟುವ ಸಂದೇಶ ಒಂದೇ.

ಸೇನೆಯಲ್ಲಿ ಇದರ ಚಿಕ್ಕ ರೂಪವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎತ್ತರದ ಗಡಿ ಪ್ರದೇಶದಲ್ಲಿ ನಮ್ಮ ತುಕಡಿ ಇದ್ದಾಗ ಮೇಲಿನಿಂದ ಇನ್‌ಸ್ಪೆಕ್ಷನ್ ಬರುವುದಿತ್ತು. ಸೇತುವೆಯ ಸಾಮಾನು ಸಾಗಿಸುವ ಲಾರಿಗಳಲ್ಲಿ ನಾಲ್ಕು ಓಡುವ ಸ್ಥಿತಿಯಲ್ಲಿರಲಿಲ್ಲ. ಬಿಡಿಭಾಗಕ್ಕೆ ಬರೆದು ತಿಂಗಳುಗಳೇ ಕಳೆದಿದ್ದವು. ಉಕ್ಕಿನ ಭಾಗಗಳನ್ನು ಜೋಡಿಸಿ ಕಟ್ಟುವ ಬೈಲಿ ಸೇತುವೆಯ ಒಂದು ಪ್ಯಾನೆಲ್ ಸುಮಾರು 260 ಕಿಲೋ ತೂಗುತ್ತದೆ, ಅದನ್ನೆತ್ತಲು ಆರು ಜನ ಬೇಕು. ಲಾರಿ ಇಲ್ಲದೆ ಅದು ನದಿಯ ದಡಕ್ಕೆ ತಾನಾಗಿ ಹೋಗುವುದಿಲ್ಲ. ನಾಲ್ಕಕ್ಕೂ ಬಣ್ಣ ಬಳಿದು, ಟೈರುಗಳಿಗೆ ಕಪ್ಪು ಹಚ್ಚಿ ಸಾಲಿನಲ್ಲಿ ನಿಲ್ಲಿಸಿಬಿಡೋಣ, ಯಾರೂ ಸ್ಟಾರ್ಟ್ ಮಾಡಿ ನೋಡುವುದಿಲ್ಲ ಎಂದು ನಮ್ಮಲ್ಲೇ ಒಬ್ಬರು ಸೂಚಿಸಿದರು. ನಮ್ಮ ಕಮಾಂಡಿಂಗ್ ಅಧಿಕಾರಿ ಒಪ್ಪಲಿಲ್ಲ. ಆ ನಾಲ್ಕನ್ನೂ ಎಳೆಸಿ ಬೇರೆ ಸಾಲಿನಲ್ಲಿ ನಿಲ್ಲಿಸಿದರು, ಪ್ರತಿಯೊಂದರ ಮುಂದೆ ರಟ್ಟಿನ ಹಲಗೆ ತೂಗುಹಾಕಿಸಿದರು. ವಿ.ಒ.ಆರ್. ಎಂದು, ಅಂದರೆ ರಸ್ತೆಗಿಳಿಯದ ವಾಹನವೆಂದು, ಬೇಕಾದ ಬಿಡಿಭಾಗ ಯಾವುದು, ಕೇಳಿ ಬರೆದ ತಾರೀಖು ಯಾವುದು ಎಂದು ಆ ಹಲಗೆಗಳ ಮೇಲೆ ನನ್ನ ಕೈಯಿಂದಲೇ ಬರೆಸಿದರು. ಬಂದ ದೊಡ್ಡ ಅಧಿಕಾರಿಯ ಮುಖ ಗಂಟಿಕ್ಕಿತು. ನಮ್ಮ ಸಾಹೇಬರು ಮಾತ್ರ ಸಾವಧಾನವಾಗಿ, ‘ಸರ್, ನೀವು ನಾಳೆ ಹೋಗುತ್ತೀರಿ, ನಾಳಿದ್ದು ರಾತ್ರಿ ಸೇತುವೆ ಹಾಕಬೇಕಾಗಿ ಬಂದರೆ ಈ ಹುಡುಗರು ಏನು ಮಾಡಬೇಕು’ ಎಂದಷ್ಟೇ ಕೇಳಿದರು. ಎರಡು ತಿಂಗಳೊಳಗೆ ಮೂರು ಲಾರಿಗಳು ರಿಪೇರಿಯಾದವು. ನಾಲ್ಕನೆಯದು ಕೊನೆಗೂ ಆಗಲಿಲ್ಲ, ಆದರೆ ಅದು ಆಗಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು, ಅದನ್ನು ನಂಬಿ ಯಾರೂ ಲೆಕ್ಕ ಹಾಕಲಿಲ್ಲ.

ಖಂಡೂರಿಯವರ ಸಮಿತಿಯ ವರದಿಯ ಕೆಲವು ಪುಟಗಳನ್ನು ಮಗಳು ಕುಶಾಲನಗರದ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ತಂದುಕೊಟ್ಟಾಗ ನನಗೆ ಮೊದಲು ನೆನಪಾದದ್ದು ಆ ರಟ್ಟಿನ ಹಲಗೆಗಳು. ಸೈನಿಕನೊಬ್ಬ ರಾಜಕೀಯಕ್ಕೆ ತರಬಹುದಾದ ಬೆಲೆಬಾಳುವ ವಸ್ತು ಎದೆಯ ಮೇಲಿನ ಪದಕಗಳಲ್ಲ, ಗಟ್ಟಿ ದನಿಯೂ ಅಲ್ಲ, ಈ ಅಭ್ಯಾಸ. ಓಡದ ಗಾಡಿಯನ್ನು ಓಡದ ಗಾಡಿ ಎಂದೇ ಬರೆಯುವುದು. ವಿರೋಧ ಪಕ್ಷದಲ್ಲಿದ್ದಾಗ ಹೀಗೆ ಬರೆಯುವವರು ಬೇಕಾದಷ್ಟು ಮಂದಿ. 2012ರ ಮಾರ್ಚಿನಲ್ಲಿ ಅಂದಿನ ಭೂಸೇನಾ ಮುಖ್ಯಸ್ಥ ಜನರಲ್ ವಿ.ಕೆ. ಸಿಂಗ್ ಅವರು ಪ್ರಧಾನಿ ಮನಮೋಹನ್ ಸಿಂಗ್ ಅವರಿಗೆ ಬರೆದ ಪತ್ರ ಬಹಿರಂಗವಾದಾಗ ದೇಶವೇ ಬೆಚ್ಚಿತ್ತು. ಟ್ಯಾಂಕುಗಳಿಗೆ ಮದ್ದುಗುಂಡಿಲ್ಲ, ವಾಯುರಕ್ಷಣೆಯ ಸಲಕರಣೆಯಲ್ಲಿ ಶೇ 97ರಷ್ಟು ಹಳತಾಗಿದೆ ಎಂದು ಅದರಲ್ಲಿತ್ತು. ಅಂತಹ ಪತ್ರ ಸೋರಿಕೆಯಾದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಒಳಗಿದ್ದ ಸಂಗತಿಯನ್ನು ಹಿಡಿದು ಅಂದು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡ ಪಕ್ಷವೇ ಆರು ವರ್ಷಗಳ ಬಳಿಕ ಆಳುತ್ತಿತ್ತು, ಪತ್ರ ಬರೆದ ಜನರಲ್ ಆ ಸರ್ಕಾರದಲ್ಲಿ ಸಚಿವರಾಗಿದ್ದರು, ಸೇನೆಯ ಉಪಮುಖ್ಯಸ್ಥರು ಬಹುಪಾಲು ಅದೇ ಮಾತನ್ನು ಮತ್ತೆ ಹೇಳುತ್ತಿದ್ದರು. ಸರ್ಕಾರ ಬದಲಾದಂತೆ ಸಲಕರಣೆಯ ವಯಸ್ಸು ಬದಲಾಗುವುದಿಲ್ಲ. ತಮ್ಮ ಪಕ್ಷ ಅಧಿಕಾರದಲ್ಲಿದ್ದಾಗಲೇ ಅದನ್ನು ಎತ್ತಿ ಹೇಳಿದರು ಎಂಬುದರಲ್ಲಿ ಖಂಡೂರಿಯವರ ಹಿರಿಮೆಯಿದೆ. ಅದೇ ವರ್ಷ ಮುರಳಿ ಮನೋಹರ ಜೋಶಿಯವರ ಅಧ್ಯಕ್ಷತೆಯ ಅಂದಾಜು ಸಮಿತಿಯೂ ರಕ್ಷಣಾ ಸನ್ನದ್ಧತೆಯ ಕೊರತೆಗಳನ್ನು ಬರೆಯಿತು ಎಂಬುದನ್ನು ಇಲ್ಲಿ ಸ್ಮರಿಸಬೇಕು.

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಸೇನೆ ಕೇಳಿದ್ದನ್ನೆಲ್ಲ ಕೊಡಲು ಯಾವ ಸರ್ಕಾರಕ್ಕೂ ಆಗದು ಎಂಬ ಉತ್ತರ ನನಗೆ ಗೊತ್ತು, ಅದು ಸುಳ್ಳೂ ಅಲ್ಲ. 2018-19ರಲ್ಲಿ ರಕ್ಷಣೆಗೆ ಮೀಸಲಾದದ್ದು 2,95,511 ಕೋಟಿ ರೂಪಾಯಿ. ಇದಲ್ಲದೆ ರಕ್ಷಣಾ ಪಿಂಚಣಿಗೆಂದೇ 1,08,853 ಕೋಟಿ. ಆ ಪಿಂಚಣಿಯಲ್ಲಿ ನನ್ನ ಪಾಲೂ ಇದೆ. ಸಮಾನ ಶ್ರೇಣಿಗೆ ಸಮಾನ ಪಿಂಚಣಿ ಬೇಕೆಂದು ನಾವೆಲ್ಲ ಕೂಗಿದವರೇ, ಸಿಕ್ಕಾಗ ಸಂತೋಷಪಟ್ಟವರೇ. ಹಣ ಎಲ್ಲಿಂದ ತರಬೇಕು, ಯಾವುದನ್ನು ಮೊದಲು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ತೀರ್ಮಾನಿಸುವುದು ಸರ್ಕಾರದ ಹಕ್ಕು. ಆದರೆ ಕೊರತೆ ಎಷ್ಟಿದೆ ಎಂದು ಜನರ ಪ್ರತಿನಿಧಿಗಳಿಗೆ ತಿಳಿಯದೆ ಆ ತೀರ್ಮಾನದ ಮೇಲೆ ಯಾರೂ ಮಾತನಾಡಲಾರರು. ಅದಕ್ಕಾಗಿಯೇ ಸಮಿತಿ ಇರುವುದು.

ನಾನು ಕೊಡಗಿನವನು. ಮಡಿಕೇರಿಗೆ ಹೋದಾಗಲೆಲ್ಲ ಜನರಲ್ ತಿಮ್ಮಯ್ಯನವರ ಪ್ರತಿಮೆಯ ಮುಂದೆ ಒಂದು ಗಳಿಗೆ ನಿಲ್ಲುತ್ತೇನೆ. 1959ರ ಆಗಸ್ಟ್ 31ರಂದು ಅವರು ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ ಸೇನಾ ಮುಖ್ಯಸ್ಥನ ಹುದ್ದೆಗೆ ರಾಜೀನಾಮೆ ಬರೆದರು, ನೆಹರೂ ಅವರ ಮಾತಿಗೆ ಕಟ್ಟುಬಿದ್ದು ಹಿಂದಕ್ಕೆ ಪಡೆದರು, 1961ರಲ್ಲಿ ನಿವೃತ್ತರಾದರು. ಮರುವರ್ಷ ಚೀನಾ ಯುದ್ಧದಲ್ಲಿ ನಮ್ಮ ಹುಡುಗರು ಹತ್ತಿಯ ಬಟ್ಟೆಯಲ್ಲಿ, ಹಳೆಯ ರೈಫಲ್‌ಗಳೊಂದಿಗೆ ಹಿಮದಲ್ಲಿ ನಿಂತರು. ತಿಮ್ಮಯ್ಯನವರ ಬಾಯಿಯನ್ನು ಸಮವಸ್ತ್ರ ಕಟ್ಟಿತ್ತು. ಸೇವೆಯಲ್ಲಿರುವ ಸೈನಿಕ ಹೊರಗೆ ಬಂದು ಮಾತನಾಡಬಾರದು, ಅದು ಹಾಗೆಯೇ ಇರಬೇಕು. ನಮ್ಮವರೇ ಆದ ಕಾರ್ಯಪ್ಪನವರು ನಿವೃತ್ತಿಯ ನಂತರ, 1971ರಲ್ಲಿ, ಮುಂಬೈಯಿಂದ ಪಕ್ಷೇತರರಾಗಿ ಲೋಕಸಭೆಗೆ ನಿಂತು ಸೋತರು. ಸಮವಸ್ತ್ರ ಕಳಚಿಟ್ಟು, ಚುನಾವಣೆ ಗೆದ್ದು, ಸಂಸತ್ತಿನ ನಿಯಮದ ಒಳಗೇ ಕುಳಿತು ಸೇನೆಯ ಪರಿಸ್ಥಿತಿಯನ್ನು ದಾಖಲಿಸುವ ಅವಕಾಶ ಇವರಿಬ್ಬರಿಗೂ ದೊರೆಯಲಿಲ್ಲ, ಖಂಡೂರಿಯವರಿಗೆ ದೊರೆಯಿತು. ಅವರು ಅದನ್ನು ಸರಿಯಾಗಿ ಬಳಸಿದರು.

ಹಾಗಾಗಿ ಇಂತಹ ಸಮಿತಿಗಳ ಅಧ್ಯಕ್ಷರ ಅವಧಿಯನ್ನು ಒಂದು ವರ್ಷದಿಂದ ಲೋಕಸಭೆಯ ಪೂರ್ಣ ಅವಧಿಗೆ ವಿಸ್ತರಿಸಬೇಕು ಎಂಬುದು ನನ್ನ ಮನವಿ. ಅನಾರೋಗ್ಯವಿದ್ದರೆ ಅವರಾಗಿಯೇ ಬಿಡಲಿ. ವರದಿ ಹಿಡಿಸಲಿಲ್ಲವೆಂಬ ಅನುಮಾನಕ್ಕೆ ಎಡೆಯಾಗುವಂತೆ ಬದಲಾಯಿಸುವುದು ಬೇಡ. ರಕ್ಷಣಾ ಸಮಿತಿಯ ಅನುದಾನ ವರದಿಯ ಮೇಲೆ ಪ್ರತಿ ವರ್ಷ ಲೋಕಸಭೆಯಲ್ಲಿ ಒಂದು ಇಡೀ ದಿನದ ಚರ್ಚೆ ನಡೆಯಬೇಕು, ಏಕೆಂದರೆ ರಕ್ಷಣಾ ಬೇಡಿಕೆಗಳು ಚರ್ಚೆಯೇ ಇಲ್ಲದೆ ಇತರ ಬೇಡಿಕೆಗಳೊಂದಿಗೆ ಒಟ್ಟಿಗೆ ಅಂಗೀಕಾರವಾದ ವರ್ಷಗಳಿವೆ, 2018 ಅಂತಹ ಒಂದು ವರ್ಷ.

ತಮ್ಮಲ್ಲಿಯೂ ಒಂದು ಬೇಡಿಕೆ ಇದೆ. ಈ ವರದಿಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಪ್ರಕಟವಾಗುತ್ತವೆ. ಕೊಡಗು, ಹಾಸನ, ಬೆಳಗಾವಿ, ಬಾಗಲಕೋಟೆಗಳ ಹಳ್ಳಿಗಳಿಂದ ಮಕ್ಕಳನ್ನು ಸೇನೆಗೆ ಕಳುಹಿಸಿದ ತಂದೆತಾಯಿಯರು ಓದುವುದು ಕನ್ನಡ ಪತ್ರಿಕೆಗಳನ್ನು. ಬಜೆಟ್ ದಿನ ರಕ್ಷಣೆಗೆ ಇಷ್ಟು ಲಕ್ಷ ಕೋಟಿ ಎಂದು ಮುಖಪುಟದಲ್ಲಿ ದೊಡ್ಡದಾಗಿ ಬರುತ್ತದೆ. ಆಮೇಲೆ ಬರುವ ಸಮಿತಿಯ ವರದಿಗೆ ಒಳಪುಟದಲ್ಲಿ ನಾಲ್ಕು ಸಾಲೂ ಸಿಗುವುದಿಲ್ಲ. ಬಜೆಟ್ ಅಧಿವೇಶನದಲ್ಲಿ ಆ ವರದಿ ಮಂಡನೆಯಾದಾಗ ಅದರ ಸಾರವನ್ನು, ಕೇಳಿದ್ದೆಷ್ಟು ಕೊಟ್ಟದ್ದೆಷ್ಟು ಎಂಬ ಅಂಕಿಗಳೊಂದಿಗೆ, ಅರ್ಧ ಪುಟದಲ್ಲಾದರೂ ಕನ್ನಡದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ನಮ್ಮ ತಾಲ್ಲೂಕಿನ ಮಾಜಿ ಸೈನಿಕರ ಸಭೆಗೆ ಲೋಕಸಭಾ ಸದಸ್ಯರು ಬಂದಾಗ ಪಿಂಚಣಿ, ಕ್ಯಾಂಟೀನ್, ಆಸ್ಪತ್ರೆ ಕಾರ್ಡು ಇವುಗಳ ಬಗ್ಗೆಯೇ ಅಹವಾಲುಗಳು ಹೋಗುತ್ತವೆ, ನಾನೂ ಹಾಗೆಯೇ ಕೊಟ್ಟವನು. ಮುಂದಿನ ಬಾರಿ ರಕ್ಷಣಾ ಸಮಿತಿಯ ಹೊಸ ವರದಿಯನ್ನು ಅವರು ಓದಿದ್ದಾರೆಯೇ, ಅದರ ಬಗ್ಗೆ ಸದನದಲ್ಲಿ ಏನು ಕೇಳಿದರು ಎಂದು ವಿಚಾರಿಸಲು ನಾವು ಏಳೆಂಟು ಜನ ಮಾತಾಡಿಕೊಂಡಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸುಬೇದಾರ್
ಸೋಮವಾರಪೇಟೆ ತಾಲ್ಲೂಕು, ಕೊಡಗು